ಬಾಲದ ಮಾಮನ ಸೀಟಿ

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ

ಪ್ರೀತಿಯ ಪುಟ್ಟಾ,

ಐವತ್ತು ದಾಟಿದ ಗಂಡಸನ್ನು ಪುಟ್ಟ ಅನ್ನಬೇಡಿ ಎಂದು ನಿನ್ನ ಹೆಂಡತಿ ಎಷ್ಟು ನಕ್ಕರೂ ನನ್ನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ, ಬಿಡು. ಹೇಗಿದ್ದೀಯ? ಆ ಚಳಿಗೆ ನಿನ್ನ ಮಂಡಿ ಏನನ್ನುತ್ತಿದೆ? ನಾನು ಹೆಣೆದು ಕಳಿಸಿದ ಟೋಪಿ ತಲೆಯ ಮೇಲಿದೆಯೋ, ಪೆಟ್ಟಿಗೆಯಲ್ಲಿ ಮಲಗಿದೆಯೋ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಭಾವ ನನ್ನ ಮೇಲೆ ದೂರು ಹೇಳುತ್ತ ಹೇಳುತ್ತಲೇ ದಪ್ಪಗಾಗುತ್ತಿದ್ದಾರೆ. ಮೊನ್ನೆ ಕುಕ್ಕರ್ ಕೂಗಿ ಕೂಗಿ ತಳ ಹಿಡಿಯಿತಂತೆ, ಪಕ್ಕದಲ್ಲೇ ಕೂತು ಹಗ್ಗಕ್ಕೆ ಗಂಟು ಬಿಗಿಯುತ್ತಿದ್ದ ನಾನು ತಲೆಯೇ ಎತ್ತಲಿಲ್ಲವಂತೆ. ಕೂಗಿದ್ದರೆ ನನಗೆ ಕೇಳುತ್ತಿರಲಿಲ್ಲವೇ ಎಂದು ನಾನೂ ಬಿಡಲಿಲ್ಲ. ಮುನಿಸಿಕೊಂಡು ಮಾತು ಬಿಟ್ಟರು. ಎರಡು ದಿನ ಮನೆ ತಣ್ಣಗಿತ್ತು.

ನಿನ್ನ ಕಾಗದ ಬಂತು. ಅಲ್ಲಿನ ಅರಣ್ಯ ಕಾವಲುಗಾರರಿಗೆ ತರಬೇತಿ ಕೊಡುವ ಕೆಲಸವನ್ನು ಇನ್ನೆರಡು ವರ್ಷ ಮುಂದುವರಿಸಲು ಕೇಳುತ್ತಿದ್ದಾರೆ, ಇರಲೋ ಬರಲೋ ನೀನೇ ಹೇಳು ಅಕ್ಕ ಎಂದು ಬರೆದಿದ್ದೀಯ. ಹೇಳುತ್ತೇನೆ. ಅದಕ್ಕೆ ಮೊದಲು ಮಕ್ಕಳ ಸಮಾಚಾರ ಕೇಳು.

ನಾವಿಬ್ಬರೂ ಸೇರಿ ಶುರು ಮಾಡಿದ ಶನಿವಾರದ ಕಾಡಿನ ನಡಿಗೆ ನಡೆಯುತ್ತಲೇ ಇದೆ. ಈ ವರ್ಷ ಬಂದ ಮಕ್ಕಳು ಮಹಾ ತರಲೆಗಳು. ಒಂದೇ ಕಡ್ಡಿಯಲ್ಲಿ ಬೆಂಕಿ ಹೊತ್ತಿಸುವ ಪಾಠದ ದಿನ ಬೇಕರಿಯವನ ಮಗ, ತಾನು ಒಲೆಯ ಪಕ್ಕದಲ್ಲೇ ಬೆಳೆದವನು ಎಂದು ಜಂಬ ಕೊಚ್ಚಿಕೊಂಡು, ಹಸಿ ಕಡ್ಡಿಗಳನ್ನೆಲ್ಲ ಗುಡ್ಡೆ ಹಾಕಿದ. ಬೆಂಕಿ ಹತ್ತಲಿಲ್ಲ, ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು ಬಂತು. ನೆರಳು ನೋಡಿ ದಿಕ್ಕು ಹೇಳುವುದನ್ನು ಮಾತ್ರ ಬೇಗ ಕಲಿತರು. ನಿನ್ನ ಮುಖವನ್ನೇ ನೋಡದ ಮಕ್ಕಳೂ ಬಾಲದ ಮಾಮ ಯಾವಾಗ ಬರುತ್ತಾರೆ ಎಂದು ಕೇಳುತ್ತಾರೆ. ನಾನೇ ಅಷ್ಟು ಸಲ ನಿನ್ನ ಹೆಸರೆತ್ತುತ್ತೇನೋ ಏನೋ. ಆಗೆಲ್ಲ ನಾನು ಮುಂದೆ, ನೀನು ಎಲ್ಲರಿಗಿಂತ ಹಿಂದೆ, ಸಾಲಿನ ಬಾಲದಲ್ಲಿ. ದಾರಿ ತಿರುಗಿದಲ್ಲೆಲ್ಲ ನಾನು ನಿಲ್ಲಬೇಕು, ಎಲ್ಲರೂ ಬಂದರು ಎಂದು ನೀನು ಒಂದು ಸಲ ಸೀಟಿ ಊದಬೇಕು, ಆಮೇಲೆಯೇ ಮುಂದಿನ ಹೆಜ್ಜೆ. ಅಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ, ನೋಡಬೇಕು ಅನ್ನಿಸಲೂ ಇಲ್ಲ. ನಿನ್ನ ಸೀಟಿ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಎಳೆಯುತ್ತಿತ್ತಲ್ಲ, ಚಹಾ ಕುಡಿಯೋಣವಾ ಎಂದು ಕೇಳಿದ ಹಾಗೆ. ಅದು ಬಂತೆಂದರೆ ನನಗೆ ಲೋಕವೆಲ್ಲ ಸರಿಯಾಗಿದೆ ಅನ್ನಿಸುತ್ತಿತ್ತು.

ಈಗ ನಿನ್ನ ಜಾಗದಲ್ಲಿ ಟೈಲರಮ್ಮನ ಮಗಳನ್ನು ಹಾಕಿದ್ದೇನೆ. ಹದಿನಾಲ್ಕರ ಹುಡುಗಿ, ನಡಿಗೆ ನಿಧಾನ, ಅದಕ್ಕೇ ಎಲ್ಲರೂ ಬಸವನಹುಳು ಅನ್ನುತ್ತಾರೆ. ಹೋದ ತಿಂಗಳ ಕೊನೆಯ ಶನಿವಾರ, ಗಾಳಿ ಜೋರಾಗಿದ್ದ ದಿನ, ಒಬ್ಬ ಪುಟಾಣಿಯ ಬೂಟಿನ ಅಟ್ಟೆ ಕಿತ್ತುಬಂತು. ಅವಳು ಅವನ ಜೊತೆ ನಿಂತು, ನಿಲ್ಲಿ ಎನ್ನುವ ಮೂರು ಸೀಟಿ ಊದಿದಳು. ನಾನು ತಿರುವಿನಲ್ಲಿ ನಿಂತೆ, ಎಲ್ಲರೂ ಬಂದರೆಂಬ ಸೀಟಿ ಬಂತು ಎಂದುಕೊಂಡೆ, ಉಳಿದವರನ್ನು ಕಟ್ಟಿಕೊಂಡು ನಡೆದುಬಿಟ್ಟೆ. ತಿಂಡಿಯ ಡಬ್ಬಿ ಬಿಚ್ಚುವಾಗ ನೋಡಿದರೆ ಇಬ್ಬರಿಲ್ಲ. ಅವತ್ತು ನೆರವಿಗೆಂದು ಟೈಲರಮ್ಮನೇ ಬಂದಿದ್ದಳು. ಕಾಣೆಯಾದದ್ದು ಅವಳ ಮಗಳು, ಆದರೂ ನನಗೆ ಒಂದು ಮಾತು ಅನ್ನದೆ, ನೀವು ಹೋಗಿ, ಇವರನ್ನು ನಾನು ನೋಡಿಕೊಳ್ಳುತ್ತೇನೆ ಎಂದಳು. ಓಡಿದೆ. ನೀನು ಹೇಳಿಕೊಡುತ್ತಿದ್ದ ಹಾಗೆಯೇ ಇಬ್ಬರೂ ನಿಂತ ಜಾಗ ಬಿಟ್ಟು ಕದಲಿರಲಿಲ್ಲ. ಹುಡುಗಿ ತನ್ನ ಜಡೆಯ ರಿಬ್ಬನ್ ಬಿಚ್ಚಿ ಅಟ್ಟೆಯನ್ನು ಬಿಗಿದು ಕಟ್ಟಿದ್ದಳು. ಅವಳ ಬಾಯಿ ಒಣಗಿತ್ತು. "ಊದ್ತಾನೇ ಇದ್ದೆ ಅತ್ತೆ. ನಿಮಗೆ ಕೇಳಿಸಿದೆ, ಬರ್ತಾ ಇದ್ದೀರಿ ಅಂತ ಇವನಿಗೆ ಹೇಳ್ತಾ ಇದ್ದೆ" ಎಂದಳು. ನಾನು ಅವಳ ತಲೆ ಸವರಿದೆ. ಮನೆಗೆ ಬಂದು ಈ ಪ್ಲಾಸ್ಟಿಕ್ ಸೀಟಿಗಳಿಗೆ ದಮ್ಮಿಲ್ಲ ಎಂದು ಬೈದು, ಮಾರನೆಯ ದಿನವೇ ಎಲ್ಲರಿಗೂ ಹಿತ್ತಾಳೆಯದು ತಂದೆ.

ಇನ್ನು ನಿನ್ನ ಪ್ರಶ್ನೆ. ಇರು, ಪುಟ್ಟಾ. ಎರಡು ವರ್ಷ ಏನು ಮಹಾ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕಳೆಯುತ್ತದೆ. ಅಷ್ಟು ಜನ ನಿನ್ನನ್ನು ನಂಬಿದ್ದಾರೆ, ನಡುವೆ ಕೈಬಿಟ್ಟು ಬರಬೇಡ. ಇಲ್ಲಿ ನನಗೆ ಯಾವ ತೊಂದರೆಯೂ ಇಲ್ಲ. ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು, ಅವಳ ಮಾತು ಕೇಳು, ಹೊತ್ತಿಗೆ ಸರಿಯಾಗಿ ಉಣ್ಣು. ಇಬ್ಬರೂ ನೂರು ಕಾಲ ತಣ್ಣಗಿರಿ ಅನ್ನೋಣವೆಂದರೆ ಆ ಊರಿನಲ್ಲಿ ಅದೇ ಜಾಸ್ತಿ. ಬೆಚ್ಚಗಿರಿ.

ನಿನ್ನ
ಅಕ್ಕ

ತಾ.ಕ.: ನಿನ್ನ ಭಾವ ಇದನ್ನು ಅಂಚೆಪೆಟ್ಟಿಗೆಗೆ ಹಾಕಲು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ, ಆತುರದಲ್ಲಿ ಬರೆಯುತ್ತಿದ್ದೇನೆ. ಸೀಟಿಗಳಲ್ಲಿ ಏನೂ ತಪ್ಪಿರಲಿಲ್ಲ. ಕಿವಿಯ ಡಾಕ್ಟರಿಗೆ ತೋರಿಸಿದೆ. ಮಾತು ಕೇಳುತ್ತದೆ, ಕೀರಲು ಸ್ವರಗಳು ಇನ್ನು ಕೇಳುವುದಿಲ್ಲವಂತೆ, ಸೀಟಿಯೂ ಇಲ್ಲ, ಹಕ್ಕಿಯೂ ಇಲ್ಲ. ಕಿವಿಗೆ ಯಂತ್ರ ಕೊಡುತ್ತಾರೆ, ಆದರೆ ಗಾಳಿ ಬೀಸುವ ಕಡೆ ಅದನ್ನು ನಂಬಿ ಮಕ್ಕಳನ್ನು ಕರೆದೊಯ್ಯಬೇಡಿ ಎಂದರು. ನಡಿಗೆ ನಡೆಯುತ್ತಿದೆ ಎಂದು ಬರೆದದ್ದು ಸುಳ್ಳು. ನಿನ್ನೆ ಮಕ್ಕಳನ್ನು ಗೇಟಿನಿಂದಲೇ ಮನೆಗೆ ಕಳಿಸಿದೆ. ಡಾಕ್ಟರಿಗೂ ಹೇಳದ ಒಂದು ಮಾತಿದೆ. ಅವತ್ತು ತಿರುವಿನಲ್ಲಿ ನನಗೆ ಸೀಟಿ ಕೇಳಿದ್ದು ನಿಜ. ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಎಳೆಯಿತು. ನಿನ್ನದೇ, ಪುಟ್ಟಾ. ನೀನು ಹೋದಾಗಿನಿಂದ ಪ್ರತಿ ತಿರುವಿನಲ್ಲೂ ಕೇಳುತ್ತಿದೆ. ಅದನ್ನು ನಂಬಿಯೇ ಆ ಇಬ್ಬರು ಮಕ್ಕಳನ್ನು ಹಿಂದೆ ಬಿಟ್ಟು ನಡೆದೆ. ಮೇಲೆ ಇರು ಎಂದು ಬರೆದದ್ದನ್ನು ಹೊಡೆದುಹಾಕು. ಬಂದುಬಿಡು. ಇನ್ನು ನೀನು ಮುಂದೆ ನಡೆ, ನಾನು ಹಿಂದೆ ಬರುತ್ತೇನೆ. ಊದುವುದಕ್ಕೆ ಕಿವಿ ಬೇಕಿಲ್ಲವಲ್ಲ.