ಮೊಟ್ಟೆ ಮುಟ್ಟದ ಅಮ್ಮನಿಗೆ

ಚಿಕ್ಕಮ್ಮನ ಮನೆ
ಬುಧವಾರ, ಶಾಲೆ ಬಿಟ್ಟ ಮೇಲೆ

ಮೊಟ್ಟೆಯನ್ನೇ ಮುಟ್ಟದ ನನ್ನ ಅಮ್ಮನಿಗೆ,

ಕೋಪದಲ್ಲಿ ಬರೆಯುತ್ತಿದ್ದೇನೆ, ಹಾಗಾಗಿ ಕ್ಷೇಮಸಮಾಚಾರ ಆಮೇಲೆ. ಪರೀಕ್ಷೆಗೆ ಓದಲು ಅನುಕೂಲವೆಂದು ನಾನು ಇಲ್ಲಿಗೆ ಬಂದೆನೆಂದು ನೀನು ಎಲ್ಲರಿಗೂ ಹೇಳುತ್ತಿದ್ದೀಯಂತೆ. ಸುಳ್ಳು. ನಿನ್ನ ಮುಖ ನೋಡಲಾಗದೆ ಬಂದೆ.

ನೀನು ಕನ್ನಡಕ ಮರೆತು ಹೋದ ದಿನ ನೆನಪಿದೆಯೇ? ಅದನ್ನು ಕೊಡಲು ನಿನ್ನ ಹೊಲಿಗೆ ಕಾರ್ಖಾನೆಗೆ ಬಂದಿದ್ದೆ. ಊಟದ ಬಿಡುವು. ಇಸ್ತ್ರಿ ಮೇಜಿನ ಹಿಂದೆ ಕುಳಿತು ನೀನು ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದೆ. ಗುಂಡಿ ಹೊಲಿಯುವ ಅಕ್ಕ, “ಇವತ್ತು ಎರಡೇನಾ?” ಎಂದು ನಗುತ್ತಾ ಉಪ್ಪು ಕೊಟ್ಟರು. ನೀನು ಕಣ್ಣು ಮುಚ್ಚಿಕೊಂಡು ತಿಂದೆ, ಹಾಲು ಕುಡಿಯುವ ಬೆಕ್ಕಿನ ಹಾಗೆ. ಇಡೀ ಕಾರ್ಖಾನೆಗೆ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಕನ್ನಡಕವನ್ನು ಕಾವಲುಗಾರನ ಕೈಗೆ ಕೊಟ್ಟು ಹೊರಟೆ.

ನಿನ್ನಿಂದ ಅರ್ಧ, ಅಪ್ಪನಿಂದ ಅರ್ಧ ಬಂದ ಕಾಯಿಲೆ ನನ್ನದು. ಎಲ್ಲರಿಗೂ ಶಕ್ತಿ ಕೊಡುವ ಪ್ರೋಟೀನ್ ನನ್ನ ರಕ್ತದಲ್ಲಿ ವಿಷವಾಗಿ ನಿಂತು ಮಿದುಳನ್ನು ಕೆಡಿಸುತ್ತದೆ. ಐದು ವರ್ಷದವಳಿದ್ದಾಗ ಪಕ್ಕದವರ ತಟ್ಟೆಯ ಮೊಟ್ಟೆ ಬೇಕೆಂದು ಹಟ ಹಿಡಿದೆ. ನೀನು ತೊಡೆಯ ಮೇಲೆ ಕೂರಿಸಿಕೊಂಡು, “ನೀನು ತಿನ್ನದೇ ಇರೋದನ್ನ ಅಮ್ಮನೂ ತಿನ್ನಲ್ಲ ಕಣೇ” ಎಂದೆ. ಆ ಒಂದು ಮಾತಿನ ಮೇಲೆ ಹನ್ನೊಂದು ವರ್ಷ, ದಿನಕ್ಕೆ ಮೂರು ಲೋಟ, ಒದ್ದೆ ಕಾಲುಚೀಲದ ವಾಸನೆಯ ಆ ಔಷಧದ ಪುಡಿ ಕಲಸಿ ಕುಡಿದೆ. ನೆಂಟರ ಮನೆಯಲ್ಲಿ ನಾವಿಬ್ಬರೇ ತೂಕ ಮಾಡಿದ ಆಲೂಗಡ್ಡೆ ತಿಂದು ಕಣ್ಣು ಮಿಟುಕಿಸುತ್ತಿದ್ದೆವು. ನನಗದು ಪಥ್ಯ ಅನಿಸಿರಲಿಲ್ಲ, ನಮ್ಮಿಬ್ಬರ ಗುಟ್ಟು ಅನಿಸಿತ್ತು. ಕೇಳಿದ್ದರೆ ನಾನೇ ಮೊಟ್ಟೆ ಬೇಯಿಸಿ ಡಬ್ಬಿಗೆ ಹಾಕಿ ಕೊಡುತ್ತಿದ್ದೆ. ಕೇಳಲಿಲ್ಲವಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತದೆ.

ಆಮೇಲಿನದು ನನ್ನ ಸರದಿ. ಎರಡು ತಿಂಗಳಿಂದ ಪುಡಿಯೆಲ್ಲ ಚಿಕ್ಕಮ್ಮನ ಸಿಂಕಿಗೆ ಹೋಗುತ್ತಿದೆ. ಕ್ಯಾಂಟೀನಿನಲ್ಲಿ ಮೊಟ್ಟೆ ತಿಂದೆ, ಅಮ್ಮಾ. ಇಷ್ಟು ರುಚಿ ಅಂತ ನೀನು ಹೇಳಲೇ ಇಲ್ಲ! ಈಗ ಒಂದೇ ಸಾಲನ್ನು ನಾಲ್ಕು ಸಲ ಓದುತ್ತೇನೆ. ಬೆರಳು ನಡುಗುತ್ತದೆ, ಈ ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ. ನಿನ್ನೆ ಗಣಿತದ ಮೇಷ್ಟ್ರು ಬೋರ್ಡಿಗೆ ಕರೆದರು. ಗುಣಿಸುವುದು ಹೇಗೆಂದೇ ಹೊಳೆಯದೆ ಸೀಮೆಸುಣ್ಣ ಹಿಡಿದು ನಿಂತೆ. ಆಗ ಹೆದರಿಕೆಯಾಯಿತು.

ಅದೇ ಸಂಜೆ ನೀನು ಫೋನಿನಲ್ಲಿ ಸಂತೋಷಕ್ಕೆ ಅತ್ತೆ. ಹೋದ ವಾರ ನಾನು ರಕ್ತದ ಐದು ಚುಕ್ಕೆ ಒತ್ತಿ ಆಸ್ಪತ್ರೆಗೆ ಕಳಿಸಿದ ಕಾರ್ಡಿನಲ್ಲಿ ಎಂದೂ ಬಾರದಷ್ಟು ಒಳ್ಳೆಯ ಫಲಿತಾಂಶ ಬಂದಿದೆಯಂತೆ, ಡಾಕ್ಟರಮ್ಮ ನನ್ನ ಊಟದ ಅಳತೆ ಹೆಚ್ಚಿಸಿದ್ದಾರಂತೆ. “ನಾವಿಬ್ಬರೂ ಬಾಯಿ ಕಟ್ಟಿದ್ದಕ್ಕೆ ಫಲ ಸಿಕ್ತು ಕಣೇ” ಎಂದೆ. ನಾವಿಬ್ಬರೂ! ಫೋನ್ ಇಟ್ಟುಬಿಟ್ಟೆ. ತಾನು ಕಳ್ಳ, ಪರರ ನಂಬ ಅನ್ನುತ್ತಾರೆ. ನೀನು ಮಾತ್ರ ನನ್ನನ್ನು ನಂಬಿದೆ.

ಇನ್ನೂ ನಿನ್ನ ಮಗಳೇ ಆಗಿರುವ,
ಗುಬ್ಬಿ

ತಾ.ಕ.: ಹೋದ ವಾರ ಚುಚ್ಚಿದ್ದು ನನ್ನ ಬೆರಳಲ್ಲ, ಬೆಂಚಿನ ಗೆಳತಿಯದು. ಚಿಕ್ಕಮ್ಮ ತರುತ್ತಿರುವ ಈ ಲಕೋಟೆಯಲ್ಲಿ ಇನ್ನೊಂದು ಕಾರ್ಡಿದೆ, ಅದರ ಐದು ಚುಕ್ಕೆಯೂ ನನ್ನವೇ. ಇವತ್ತೇ ಡಾಕ್ಟರಮ್ಮನಿಗೆ ಕೊಡು. ಆಮೇಲೆ ಬಂದು ಎಷ್ಟು ಬೇಕಾದರೂ ಬೈಯಿ. ಬರುವಾಗ ನಿನ್ನ ಡಬ್ಬಿ ತಾ. ನಾನು ಪುಡಿ ಕುಡಿಯುತ್ತೇನೆ, ನೀನು ನನ್ನ ಎದುರಿಗೇ ಕೂತು ತಿನ್ನು. ಕಣ್ಣು ತೆರೆದುಕೊಂಡು.