ಸವೆದ ಸಿಲಿಂಡರಿಗೆ ಹೊಸ ರಿಂಗ್

ಮುದ್ದೇಬಿಹಾಳ
12-11-2024

ಶ್ರೀಶೈಲ ಅವರಿಗೆ ವಿದ್ಯಾವತಿಯ ನಮಸ್ಕಾರ.

ಹೆಂಡತಿ ಹೆಸರು ಹಿಡಿದು ಬರೆದಳೆಂದು ಸಿಟ್ಟು ಬರಬಹುದು, ಬರಲಿ. ‘ನಮ್ಮವರಿಗೆ’ ಎಂದು ಬರೆಯಲು ಕೈ ಏಳಲಿಲ್ಲ. ಫೋನಿನಲ್ಲಿ ನೀವು ನನ್ನ ಮಾತು ಮುಗಿಯಗೊಡುವುದಿಲ್ಲ, ಅದಕ್ಕೇ ಈ ಕಾಗದ.

ಚಡಚಣದ ರಾವಸಾಬರ ಕಾರು ಇಂಡಿ ಊರಿನ ನಿಮ್ಮ ಗ್ಯಾರೇಜಿನಲ್ಲಿ ಎಂಜಿನ್ ಕಟ್ಟಿಸಿಕೊಂಡು ಹೋಗಿ, ವಾರದೊಳಗೇ ಹೊಗೆ ಉಗುಳುತ್ತ ತಿರುಗಿ ಬಂತಲ್ಲ. ಅಂದು ನೀವು ಅಷ್ಟು ಮಂದಿಯ ಮುಂದೆ ಜುಲ್ಫಿಕರನ ಕೈಯಿಂದ ನಟ್ಟು ಬಿಚ್ಚುವ ಪಾನಾ ಕಸಿದುಕೊಂಡು, “ರಿಂಗ್ ಹಾಳು ಮಾಡ್ಯಾನ್ರಿ ಇವ, ನಂಬಿ ಕೆಟ್ಟೆ” ಎಂದಿರಿ. ನಮ್ಮ ಲಗ್ನಕ್ಕಿಂತ ಮೊದಲಿನಿಂದ ನಿಮ್ಮ ಹತ್ತಿರ ದುಡಿದವನು, ಕೈ ಒರೆಸಿಕೊಂಡು ಹೋದ.

ನೀವು ಸಿಂದಗಿಯ ಲಗ್ನಕ್ಕೆ ಹೋಗಿ ಉಳಿದಾಗ ನಾನು ಆ ಎಂಜಿನ್ ನೋಡಿದೆ. ಅಪ್ಪನ ಗ್ಯಾರೇಜಿನಲ್ಲಿ ಬೆಳೆದವಳು ನಾನು, ನೀವು ಮುಟ್ಟಗೊಡಲಿಲ್ಲ ಅಷ್ಟೆ. ಪ್ಲಗ್ ಬಿಚ್ಚಿ, ಒಳಗಿನ ಒತ್ತಡ ತೋರಿಸುವ ಕಂಪ್ರೆಶನ್ ಗೇಜ್ ಹಚ್ಚಿ ಸೆಲ್ಫ್ ಹೊಡೆದೆ. ಎಲ್ಲ ಸಿಲಿಂಡರಿನಲ್ಲೂ ಮುಳ್ಳು ಅರ್ಧಕ್ಕೇ ನಿಂತಿತು. ಒಳಗೆ ಚೂರು ಎಣ್ಣೆ ಬಿಟ್ಟು ನೋಡಿದರೆ ಸರ್ರನೆ ಏರಿತು. ಅಂದರೆ ವಾಲ್ವ್ ಸರಿ ಇವೆ, ಪಿಸ್ಟನ್ನಿನ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಸೋರುತ್ತಿದೆ. ಜುಲ್ಫಿಕರನದೇ ತಪ್ಪೇನೋ ಎಂದು ಹೆಡ್ ಇಳಿಸಿ ಪಿಸ್ಟನ್ ತೆಗೆದೆ. ರಿಂಗ್ ಹೊಸವು, ನೆಟ್ಟಗೆ ಕೂತಿದ್ದವು. ಸಿಲಿಂಡರಿನ ಮೇಲಂಚಿನಲ್ಲಿ ಬೆರಳಾಡಿಸಿದೆ. ಹಳೆಯ ಸವೆತದ ಉಬ್ಬಿಗೆ ಉಗುರು ತಡೆಯಿತು. ಲೇಥಿಗೆ ಒಯ್ದು, ಸವೆದ ಗೋಡೆ ಕೊರೆಸಿ ಬೋರ್ ಮಾಡಿಸಿದ್ದರೆ ಅದು ಉಳಿಯುತ್ತಿರಲಿಲ್ಲ. ಒಯ್ಯಬೇಕಾದವರು ನೀವು.

ನೀವು ಬಂದ ದಿನ ಊಟಕ್ಕೆ ಕೂತಾಗ ಕೇಳಿದೆ, ಬೋರ್ ಮಾಡಿಸಿದ್ರೇನ್ರಿ ಎಂದು. “ಮಾಡಿಸೇನಿ. ಆ ಮಗಾನ ಹೊಲಸು ಮಾಡ್ಯಾನ” ಎಂದಿರಿ, ಆಮೇಲೆ ಅದೇ ಉಸಿರಿಗೆ ಇನ್ನೊಂದು ರೊಟ್ಟಿ ಕೇಳಿದಿರಿ. ರೊಟ್ಟಿ ಹಾಕಿ ನನ್ನ ತಾಟು ಎತ್ತಿಟ್ಟೆ. ಕೆಲಸ ಕೆಟ್ಟರೆ ತಿದ್ದಬಹುದು. ಉಂಡ ಬಾಯಲ್ಲೇ ಒಬ್ಬನ ಹೆಸರು ಕೆಡಿಸುವವರ ಎದುರು ಕೂತು ನಾನು ಇನ್ನು ಉಣ್ಣಲಾರೆ. ಮರುದಿನ ತವರಿಗೆ ಬಂದೆ.

ರಾವಸಾಬರಿಗೆ ಎಲ್ಲ ಹೇಳಿದೆ. ಅವರು ನನ್ನ ಜೊತೆ ನಾಲತವಾಡಕ್ಕೆ ಬಂದರು. ಜುಲ್ಫಿಕರ ಅಲ್ಲಿ ಗೂಡ್ಸ್ ಆಟೋ ಹೊಡೆಯುತ್ತಿದ್ದಾನೆ. “ತಪ್ಪು ತಿಳಕೊಂಡಿದ್ದೆ ತಮ್ಮಾ” ಎಂದರು ರಾವಸಾಬರು. ಅವನು ಇಷ್ಟೇ ಹೇಳಿದ: “ಬೋರ್ ಆಗಿಲ್ರಿ ಅಂತ ನಾ ಮೊದಲಽ ಅಂದಿದ್ದೆ. ಹೇಳಿದಷ್ಟು ಮಾಡು ಅಂದ್ರು.”

ನೀವು ಅದೇ ಗ್ಯಾರೇಜಿನ ಬಾಗಿಲಲ್ಲಿ, ಮಂದಿಯ ಮುಂದೆ, ಸುಳ್ಳು ಹೇಳಿದೆ ಎನ್ನಬೇಕು. ಅಲ್ಲಿಯವರೆಗೆ ನನ್ನನ್ನು ಕರೆಯಲು ಬರಬೇಡಿ.

ಇಂತಿ,
ವಿದ್ಯಾವತಿ

ತಾ.ಕ.: ರಾವಸಾಬರ ಕಾರನ್ನು ಇಲ್ಲಿ ಅಪ್ಪನ ಗ್ಯಾರೇಜಿಗೆ ಎಳೆಸಿ ತಂದು, ಬೋರ್ ಮಾಡಿಸಿ, ಎಂಜಿನ್ ಕೂಡಿಸಿದವಳು ನಾನೇ. ಜುಲ್ಫಿಕರನನ್ನು ಎಷ್ಟೋ ಕರೆದೆ, ಒಲ್ಲೆ ಎಂದ. “ಪಾನಾ ಹಿಡದ್ರ ಎಲ್ಲಾರೂ ನನ್ನ ಕೈನ ನೋಡಾಕತ್ತಾರ ಅನಸ್ತೈತ್ರಿ ಅಕ್ಕಾರ” ಎಂದ.