ರಕ್ಕಸಿಗೆ ಕಟ್ಟಿದ ಹಲ್ಲು

ಕೆಲಸದ ಕೋಣೆ,
ಮಂಗಳವಾರ, ಮಾರ್ಚ್ ೧೦

ಪ್ರೀತಿಯ ಮನೆಯೊಡತಿಗೆ,

ಹೇಗಿದ್ದೀಯ? ನಿನ್ನ ತಂಗಿಯ ಮಂಡಿ ಈಗ ಎಷ್ಟರಮಟ್ಟಿಗೆ ಮಡಚುತ್ತದೆ? ಗೋಡೆ ಹಿಡಿದು ಅಡುಗೆಮನೆಯವರೆಗೆ ನಡೆದಳು ಎಂದು ಮೊನ್ನೆ ಫೋನಿನಲ್ಲಿ ಹೇಳಿದೆ, ಕೇಳಿ ಸಮಾಧಾನವಾಯಿತು. ಅವಳನ್ನು ನಡೆಸುವ ಭರದಲ್ಲಿ ನಿನ್ನ ಸೊಂಟವನ್ನು ಮರೆಯಬೇಡ. ಎರಡು ತಿಂಗಳು ನೀನಿಲ್ಲದೆ ನಾನು ಸೊರಗಿದ್ದೇನೆ ಎಂದುಕೊಂಡಿದ್ದರೆ, ಹಾಗೇನಿಲ್ಲ. ಬೆಲ್ಟನ್ನು ಒಂದು ತೂತು ಸಡಿಲ ಮಾಡಿಕೊಂಡಿದ್ದೇನೆ. ಕಿಟಕಿಯ ಹೂಕುಂಡಗಳಿಗೆ ದಿನಾ ನೀರು ಹಾಕುತ್ತೇನೆ. ಆದರೂ ಒಂದು ಗಿಡ ಒಣಗಿತು. ಯಾವುದೆಂದು ಬಂದಮೇಲೆ ನೀನೇ ನೋಡು, ಈಗಲೇ ಬೈಸಿಕೊಳ್ಳುವ ಧೈರ್ಯ ನನಗಿಲ್ಲ.

ಫೋನಿರುವಾಗ ಈ ಮನುಷ್ಯ ಕಾಗದ ಯಾಕೆ ಬರೆಯುತ್ತಿದ್ದಾನೆ ಎಂದು ಹುಬ್ಬೇರಿಸಿರುತ್ತೀಯ. ಮಗಳ ಸಿನಿಮಾದ ಸುದ್ದಿ ಎತ್ತಿದ ಕೂಡಲೇ ನಿನಗೆ ತಂಗಿಯ ಮಾತ್ರೆಯ ಹೊತ್ತಾಗಿಬಿಡುತ್ತದೆ. ನಿಜವಾಗಿ ಅಷ್ಟು ಮಾತ್ರೆ ನುಂಗಿದ್ದರೆ ಆ ಹೆಣ್ಣುಮಗಳು ಈಗಾಗಲೇ ಓಡುತ್ತಿರಬೇಕಿತ್ತು. ಕಾಗದವನ್ನು ಸಿಟ್ಟಿನಲ್ಲಿ ಮಡಚಿಟ್ಟರೂ ನೀನು ಮತ್ತೆ ತೆಗೆದು ಓದುತ್ತೀಯ, ನಿನ್ನ ಗುಣ ನನಗೆ ಗೊತ್ತು. ವಿಷಯ ಇಷ್ಟು: ನಿನ್ನಿಂದ ಒಂದು ಒಪ್ಪಿಗೆ ಬೇಕಾಗಿದೆ. ಬರುವ ಭಾನುವಾರ ಸಂಜೆ ನಾಲ್ಕಕ್ಕೆ ಸಿನಿಮಾದ ಮೊದಲ ಪ್ರದರ್ಶನ. ಅದರ ಕೊನೆಯಲ್ಲಿ ಒಂದು ದೃಶ್ಯವಿದೆ. ಅಮ್ಮ ಬೇಡವೆಂದರೆ ಕತ್ತರಿಸಿ ತೆಗೆದುಬಿಡುತ್ತೇನೆ ಎಂದು ಮಗಳು ಖಡಾಖಂಡಿತವಾಗಿ ಹೇಳಿದ್ದಾಳೆ. ತೆಗೆದರೆ ಸಿನಿಮಾದ ಜೀವವೇ ಹೋದಂತೆ. ಪೂರ್ತಿ ಓದು, ಆಮೇಲೆ ಬೇಕಾದರೆ ಸಿಟ್ಟಾಗು.

ಅವಳು ಶಾಲೆಯ ಕೆಲಸ ಬಿಟ್ಟು ಸಿನಿಮಾ ಮಾಡುತ್ತೇನೆಂದ ದಿನ ನೀನು ಬಾಗಿಲಲ್ಲಿ ನಿಂತು, “ಜನ ನಮ್ಮನ್ನ ನೋಡಿ ನಗೋ ಹಾಗೆ ಮಾಡ್ಬೇಡ” ಅಂದೆ. ಅವಳೋ ಜನ ನಗಲಿ ಎಂದೇ ಮಾಡಿದ್ದಾಳೆ. ಕಥೆ ಕೇಳು. ರಕ್ಕಸರ ಒಂದು ಸಂಸಾರ ನಮ್ಮ ನಿಮ್ಮ ಹಾಗೆ ಮೂರನೇ ಮಹಡಿಯಲ್ಲಿ ಬಾಡಿಗೆಗಿದೆ. ಅಪ್ಪ ರಕ್ಕಸ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುತ್ತಾನೆ. ಉಗುರು ಬೇಗ ಬೆಳೆಯುವುದರಿಂದ ಪ್ರತಿ ಬೆಳಗ್ಗೆ ಬಡಗಿಯ ಅರದಲ್ಲಿ ಉಜ್ಜಿಕೊಂಡು ಹೊರಡುತ್ತಾನೆ. ಅಜ್ಜಿ ರಕ್ಕಸಿಗೆ ಬಾಲವಿದೆ, ಲಿಫ್ಟಿನ ಬಾಗಿಲು ಕಂಡರೆ ಅವಳಿಗೆ ಜೀವಭಯ. ಅಮ್ಮ ರಕ್ಕಸಿಗೆ ಕೋರೆಹಲ್ಲು. ಇಡೀ ಕಟ್ಟಡದಲ್ಲಿ ಹೊತ್ತಿಗೆ ಸರಿಯಾಗಿ ಕಸ ಇಡುವವರು, ಮೆಟ್ಟಿಲಲ್ಲಿ ಎದುರಾದವರಿಗೆ ದಾರಿ ಬಿಡುವವರು ಇವರು ಮಾತ್ರ. ಮನುಷ್ಯರೇ ಒಬ್ಬರನ್ನೊಬ್ಬರು ಹರಿದು ತಿನ್ನುತ್ತಿರುತ್ತಾರೆ, ಇವರು ಬಾಗಿಲ ಸಂದಿಯಿಂದ ನೋಡಿ ನಡುಗುತ್ತಾರೆ. ಹೊರಗೆ ಕಾಲಿಡುವಾಗ ಆ ಮನೆಗೆ ಒಂದೇ ಕಟ್ಟಪ್ಪಣೆ: ಯಾರ ಮುಂದೆಯೂ ಬಾಯಿಬಿಟ್ಟು ನಗಬಾರದು.

ಸಿನಿಮಾದವರು ಎಂದರೆ ದೊಡ್ಡ ದಂಡು ಎಂದುಕೊಳ್ಳಬೇಡ. ಒಟ್ಟು ಏಳು ಜನ. ಕ್ಯಾಮೆರಾ ಹಿಡಿದವಳನ್ನು ಹಳೆಯ ಗಾಲಿಕುರ್ಚಿಯಲ್ಲಿ ಕೂರಿಸಿ, ಹಿಂದಿನಿಂದ ಒಬ್ಬರು ತಳ್ಳಿದರೆ ಅದೇ ಅವರ ರಥ. ತಳ್ಳಿದ್ದು ಎಷ್ಟೋ ಸಲ ನಾನೇ. ರಕ್ಕಸರ ಅಡುಗೆಮನೆ ನಮ್ಮ ಅಡುಗೆಮನೆಯೇ. ನಿನ್ನ ಡಬ್ಬಗಳನ್ನು ಫೋಟೋ ತೆಗೆದಿಟ್ಟುಕೊಂಡು ಮತ್ತೆ ಅದೇ ಸಾಲಿನಲ್ಲಿ ಜೋಡಿಸಿದ್ದೇವೆ, ಎದೆ ಹೊಡೆದುಕೊಳ್ಳಬೇಡ. ಮಗಳು ಕೆಲಸ ಮಾಡುವುದನ್ನು ನೀನು ನೋಡಬೇಕಿತ್ತು. ಒಂದು ಬಾಗಿಲು ತೆಗೆಯುವುದನ್ನು ಹನ್ನೊಂದು ಸಲ ಮಾಡಿಸಿದಳು, ಹನ್ನೊಂದನೇ ಸಲವೂ ಮೊದಲ ಸಲದಷ್ಟೇ ಮೆತ್ತಗೆ ಹೇಳಿದಳು. ಆ ತಾಳ್ಮೆ ನನ್ನ ಕಡೆಯಿಂದ ಬಂದದ್ದಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ನನ್ನ ಮಗಳು ಇಷ್ಟು ದೊಡ್ಡವಳಾದದ್ದು ಯಾವಾಗ ಎಂದು ನಾನು ಗಾಲಿಕುರ್ಚಿ ಹಿಡಿದುಕೊಂಡೇ ಬೆರಗಾಗಿ ನಿಂತುಬಿಡುತ್ತಿದ್ದೆ, ಕ್ಯಾಮೆರಾದವಳು ತಳ್ಳಿ ತಳ್ಳಿ ಎಂದು ಕೂಗುತ್ತಿದ್ದಳು.

ಈಗ ಹಲ್ಲಿನ ವಿಷಯ. ಮಗಳು ಕೋರೆಹಲ್ಲು ಕಟ್ಟಿಕೊಡು ಎಂದಾಗ, ಮೂವತ್ತೈದು ವರ್ಷ ಬೊಚ್ಚುಬಾಯಿಗಳಿಗೆ ಹಲ್ಲುಸೆಟ್ಟು ಕಟ್ಟಿದ ನನಗೆ ಇದ್ಯಾವ ಮಹಾ ಎಂದುಕೊಂಡೆ. ಅಮ್ಮ ರಕ್ಕಸಿಯ ಪಾತ್ರದವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಹೆಂಗಸು. ಸಾಲು ಮುರಿದವರನ್ನು ಕಣ್ಣಲ್ಲೇ ಸುಡುತ್ತಾಳಲ್ಲ, ಅವಳೇ. ಅವಳ ಹಲ್ಲಿನ ಮೇಲೆ ಕೂರುವಂತೆ ತೆಳ್ಳನೆಯ ಕವಚ ಮಾಡಿದೆ. ಬಣ್ಣ ಹೊಂದಿಸಿದೆ, ಮೇಲಿನ ಸಾಲು ಕೆಳಗಿನ ಸಾಲಿಗೆ ಸರಿಯಾಗಿ ಕೂರುವಂತೆ ತಿದ್ದಿದೆ, ಕೋರೆಗಳ ತುದಿ ತುಟಿಗೆ ಚುಚ್ಚದಂತೆ ಉಜ್ಜಿ ದುಂಡಗೆ ಮಾಡಿದೆ. ನೋಯದ ಹಾಗೆ ಮಾಡುವುದೇ ನನ್ನ ಕಸುಬು, ಕೈ ಕೇಳಬೇಕಲ್ಲ. ಮರುದಿನ ಅವಳು ಹಲ್ಲು ಹಾಕಿಕೊಂಡೇ ಊಟ ಮಾಡಿ, ಹಾಕಿಕೊಂಡದ್ದನ್ನೇ ಮರೆತು, ಸಂಜೆಯವರೆಗೆ ಕಿಟಕಿಯಲ್ಲಿ ಕೂತು ಟಿಕೆಟ್ ಕೊಟ್ಟಳಂತೆ. ಯಾರೊಬ್ಬರಿಗೂ ಗೊತ್ತಾಗಲಿಲ್ಲ. ಒಬ್ಬ ಮುದುಕ ಮಾತ್ರ, ಇವತ್ತು ಮುಖದಲ್ಲಿ ಕಳೆ ಇದೆ ಎಂದು ಹೊಗಳಿ ಬಸ್ಸು ಹತ್ತಿದನಂತೆ. ನಾನು ಬೀಗುತ್ತಿದ್ದರೆ ಮಗಳು ತಲೆಯ ಮೇಲೆ ಕೈ ಹೊತ್ತು ಕೂತಳು. “ಅಪ್ಪಾ, ಇದು ಹಲ್ಲಲ್ಲ, ಜಾಹೀರಾತು. ನಂಗೆ ಬಾಳಿ ಬದುಕಿದ ಬಾಯಿ ಬೇಕು” ಅಂದಳು. ಹಾಗಂದವಳು ಆ ಟಿಕೆಟ್ ಪ್ರಸಂಗವನ್ನು ಮಾತ್ರ ಬಿಡದೆ ಸಿನಿಮಾಕ್ಕೆ ಸೇರಿಸಿಕೊಂಡಿದ್ದಾಳೆ, ಕಳ್ಳಿ.

ಬಾಳಿ ಬದುಕಿದ ಬಾಯಿ ಎಂದಾಗ ನನಗೆ ಹೊಳೆದದ್ದು ಒಂದೇ. ಕಪಾಟಿನ ಮೇಲಿನ ಅರೆಯಲ್ಲಿ ಗಾರೆಯಲ್ಲಿ ತೆಗೆದ ನಿನ್ನ ಹಲ್ಲಿನ ಅಚ್ಚಿದೆ. ಮೂವತ್ತೆರಡು ವರ್ಷದ ಹಿಂದೆ, ಮುಂದಿನ ಹಲ್ಲು ಸರಿಮಾಡಿಸಿಕೊಳ್ಳಲು ನೀನು ವೈದ್ಯರ ಚೀಟಿ ಹಿಡಿದು ಇದೇ ಕೋಣೆಗೆ ಬಂದಿದ್ದೆಯಲ್ಲ, ಆಗಿನದು. ಎರಡು ಅಚ್ಚು ಒಡೆದು ಮೂರನೆಯದು ನಿಂತಿತು. ಅಷ್ಟು ಹೊತ್ತಿಗೆ ನಮ್ಮಿಬ್ಬರ ಮಾತು ಎಲ್ಲಿಗೋ ಹೋಗಿ, ಹಲ್ಲು ಇದ್ದ ಹಾಗೆಯೇ ಉಳಿಯಿತು. ಅದನ್ನು ನೀನು ನೆಂಟರ ಮುಂದೆಲ್ಲ ಹೇಳಿ, “ನನ್ನ ಹಲ್ಲಿಗೆ ಇವರ ಗಾರೇನೂ ಹೆದರ್ತು” ಎಂದು ನಗುತ್ತೀಯ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತೀಯ. ಆ ಅಚ್ಚನ್ನು ಮುಂದಿಟ್ಟುಕೊಂಡು, ನಡುವಿನ ಸಂದು, ಎಡಗಡೆ ಒಂಚೂರು ಮುಂದೆ ಬಂದು ನಿಂತ ಹಲ್ಲು, ಎಲ್ಲವನ್ನೂ ಕೂದಲೆಳೆಯಷ್ಟೂ ತಪ್ಪದಂತೆ ರಕ್ಕಸಿಗೆ ಇಳಿಸಿದೆ. ಕೋರೆ ಎರಡು ಮಾತ್ರ ನಾನು ಸೇರಿಸಿದ್ದು. ನಿನ್ನನ್ನು ಕೇಳಲಿಲ್ಲ. ಕೇಳಬೇಕಿತ್ತು, ತಪ್ಪು ನನ್ನದೇ.

ಆ ಹೆಂಗಸು ಅದನ್ನು ಹಾಕಿಕೊಂಡು ಬಂದಾಗ ಮಗಳು ಹತ್ತಿರ ಹೋಗಿ ಬಗ್ಗಿ ನೋಡಿದಳು. ಆಮೇಲೆ, “ಇದು ಅಮ್ಮನ ಬಾಯಿ” ಅಂದಳು. ಆವತ್ತಿನ ಚಿತ್ರೀಕರಣ ನಿಲ್ಲಿಸಿ ಮೆಟ್ಟಿಲ ಮೇಲೆ ಕೂತು ಕಥೆಯ ಕೊನೆಯನ್ನು ಹೊಡೆದುಹಾಕಿ ಬೇರೆ ಬರೆದಳು. ಮೊದಲಿನದರಲ್ಲಿ ರಕ್ಕಸಿ ಕೋರೆ ತೋರಿಸಿ ಎಲ್ಲರನ್ನೂ ಹೆದರಿಸಿ ಓಡಿಸುವುದಿತ್ತು. ಈಗಿನದು ಹೀಗೆ: ಕಟ್ಟಡದವರೆಲ್ಲ ಸಭೆ ಸೇರಿದ್ದಾರೆ. ಲಿಫ್ಟು ಕೆಟ್ಟು ನಲವತ್ತು ದಿನ. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, ಲಿಫ್ಟು ಕೆಟ್ಟಿಲ್ಲ, ವಿಶ್ರಾಂತಿಯಲ್ಲಿದೆ ಎಂದು ಗಂಭೀರವಾಗಿ ಓದುತ್ತಾನೆ. ರಕ್ಕಸಿಗೆ ನಗು ಒತ್ತಿಕೊಂಡು ಬರುತ್ತದೆ. ಬಾಯಿ ಮುಚ್ಚಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಯಾರಿಗೋ ತಂದ ಕುರ್ಚಿಗಳಿವೆ. ನಕ್ಕೇಬಿಡುತ್ತಾಳೆ, ಬಾಯಿತುಂಬ. ಕೆಳಮನೆಯ ಜಗಳಗಂಟಿ ಮುದುಕಿ ಎದ್ದು ಹತ್ತಿರ ಬಂದು ಆ ಹಲ್ಲುಗಳನ್ನು ದಿಟ್ಟಿಸಿ ನೋಡುತ್ತಾಳೆ. “ಇಷ್ಟು ವರ್ಷ ಎಲ್ಲಿಟ್ಟಿದ್ಯೇ ಈ ನಗುನ?” ಅನ್ನುತ್ತಾಳೆ. ಅಷ್ಟೇ.

ನಿನ್ನೆ ನಮ್ಮವರಿಗೆಂದು ಒಂದು ಸಲ ಹಾಕಿ ತೋರಿಸಿದರು. ಅಕ್ಕಪಕ್ಕದವರು ಸೇರಿ ಮೂವತ್ತು ಜನ ಇದ್ದೆವು. ಅಲ್ಲಿಯವರೆಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವರು ಆ ಮಾತಿಗೆ ಎದ್ದು ನಿಂತರು, ಚಪ್ಪಾಳೆ ನಿಲ್ಲಲೇ ಇಲ್ಲ. ನಾನು ಅತ್ತುಬಿಟ್ಟೆ. ಪರದೆಯ ತುಂಬ ನಿನ್ನ ನಗು, ಯಾವ ಕೈಯೂ ಅಡ್ಡವಿಲ್ಲದೆ. ಒಂದೇ ಸೂರಿನಡಿ ಇದ್ದೂ ನಾನು ಅದನ್ನು ಹಾಗೆ ನೋಡಿದ್ದು ಬೆರಳಲ್ಲಿ ಎಣಿಸುವಷ್ಟು ಸಲ. ಬೆಳಕು ಹತ್ತಿದಾಗ ಮಗಳು ನನ್ನನ್ನೇ ನೋಡುತ್ತಿದ್ದಳು. “ಅಮ್ಮಂಗೆ ನೋವಾಗತ್ತೆ ಅಂದ್ರೆ ನಂಗೆ ಈ ಚಪ್ಪಾಳೆ ಬೇಡ” ಅಂದಳು. ನಿನ್ನನ್ನು ರಕ್ಕಸಿ ಮಾಡಿದಳೆಂದು ನೀನು ತಿಳಿಯಬಾರದು ಎಂಬುದೊಂದೇ ಅವಳ ಹೆದರಿಕೆ. ಅವಳ ಸಿನಿಮಾದಲ್ಲಿ ರಕ್ಕಸರಷ್ಟು ಒಳ್ಳೆಯವರು ಬೇರೆ ಯಾರೂ ಇಲ್ಲ, ಅದನ್ನಾದರೂ ನಂಬು. ಕಾಗದ ಗುರುವಾರ ತಲುಪಬಹುದು. ಫೋನು ಮಾಡಿ ಇರಲಿ ಅಥವಾ ಬೇಡ, ಒಂದು ಮಾತು ಹೇಳು. ಬೇಡವೆಂದರೆ ಯಾರೂ ಮುಖ ಊದಿಸಿಕೊಳ್ಳುವುದಿಲ್ಲ. ಇರಲಿ ಎಂದರೆ ಶನಿವಾರದ ರೈಲಿಗೆ ಬಾ. ಎರಡನೇ ಸಾಲಿನಲ್ಲಿ ಅವಳ ಪಕ್ಕದ ಕುರ್ಚಿಯ ಮೇಲೆ ಯಾರೂ ಕೂರದಂತೆ ಅವಳು ಈಗಲೇ ಚೀಟಿ ಅಂಟಿಸಿದ್ದಾಳೆ.

ತಂಗಿಗೆ ನನ್ನ ನೆನಪು ತಿಳಿಸು, ಮಂಡಿಗೆ ಬೇಗ ಬುದ್ಧಿ ಬರಲಿ ಎಂದು ಹಾರೈಸಿದ್ದೇನೆಂದು ಹೇಳು. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆ ಮಾಡು.

ನಿನ್ನ,
ಗಾರೆಯವ

ತಾ.ಕ.: ಲಕೋಟೆ ಅಂಟಿಸಲು ಹೋದವನು ವಾಪಸ್ಸು ಬಂದು ಕೂತೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ದಂಡ. ಆ ಮೊದಲಿನ ಎರಡು ಅಚ್ಚು ಒಡೆದಿರಲಿಲ್ಲ. ನೀನು ಮತ್ತೊಂದು ಸಲ ಬರಲಿ ಎಂದು ಒಡೆಯಿತೆಂದೆ, ಬಂದಮೇಲೆ ಇನ್ನೊಂದು ಸಲ ಬರಲಿ ಎಂದು ಮತ್ತೆ ಅದನ್ನೇ ಹೇಳಿದೆ. ನೀನು ಅದನ್ನು ನಿನ್ನ ಹಲ್ಲಿನ ತಪ್ಪೆಂದು ನಂಬಿದೆ, ಬಾಯಿಗೆ ಕೈ ಅಡ್ಡ ಹಿಡಿದು ಹೇಳುತ್ತ ಬಂದೆ, ನಾನು ಪಕ್ಕದಲ್ಲೇ ಕೂತು ಕೇಳಿಕೊಂಡು ಸುಮ್ಮನಿದ್ದೆ. ಮೂರೂ ಮೇಲಿನ ಅರೆಯಲ್ಲಿವೆ. ಸ್ಟೂಲು ಹಾಕಿ ನೀನೇ ಇಳಿಸಿ ನೋಡು, ಒಂದರಲ್ಲೂ ಬಿರುಕಿಲ್ಲ.